ಹನ್ನೊಂದು ಗಂಟೆಗೆ ಕುರಿ ನೋಡಲು

ಗೆಳೆಯರೆ, ಇಂದು ಬೆಳಿಗ್ಗೆ ಮೊಮ್ಮಗಳು ಗೌರಿಯೊಡನೆ ಬೀದರದ ಮೂರನೆಯ ಬೇಸಿಗೆ ಶಿಬಿರದ ಬಾಗಿಲಲ್ಲಿ ನಿಂತಿದ್ದೆ. ಅವಳು ನಮ್ಮ ಜಿಲ್ಲೆಯ ಮೆಹಕರ ಹಳ್ಳಿಯ ಕುರಿ ಸಾಕುವ ಮನೆಯ ಹುಡುಗಿ. ಸ್ಕೇಟಿಂಗ್ ಕಲಿಯಲೆಂದೇ ರಜೆಗೆ ನನ್ನಲ್ಲಿಗೆ ಬಂದಿದ್ದಾಳೆ. ನಾವು ಮೊದಲು ಹೋದ ಎರಡು ಶಿಬಿರಗಳಲ್ಲಿ ಸ್ಕೇಟಿಂಗ್ ಇರಲಿಲ್ಲ, ಇಲ್ಲಿತ್ತು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಕನ್ನಡ ಶಾಲೆಗೆ ಹೋದ ನನಗೆ ಇಂಥ ಹುಡುಕಾಟ ಹೊಸದು. ರಜೆಯಲ್ಲಿ ಕುರಿಗಳ ಹಿಂದೆ ಅಲೆಯುವುದೇ ನಮ್ಮ ಶಿಬಿರವಾಗಿತ್ತು.

"ಸೀಟೆಲ್ಲಾ ತುಂಬ್ಯಾವ್ರಿ ಸರ್" ಎಂದರು ಶಿಬಿರ ನಡೆಸುವ ಮೇಡಂ.

ಗೌರಿಯ ಮುಖ ಸಣ್ಣದಾಯಿತು. ಸಮಾಧಾನಕ್ಕೆಂದು ಅವರು ಕೊಟ್ಟ ಕರಪತ್ರವನ್ನು ಒಂದೂ ತಪ್ಪಿಲ್ಲದೆ ಗಟ್ಟಿಯಾಗಿ ಓದಿದಳು, ನನ್ನ ಮೊಮ್ಮಗಳಲ್ಲವೆ. ಕೊನೆಯ ದಿನ ಹನ್ನೊಂದು ಗಂಟೆಗೆ ಮೆಹಕರದಲ್ಲಿ ಕುರಿದೊಡ್ಡಿ ವೀಕ್ಷಣೆ ಎಂದಿತ್ತು.

"ಹನ್ನೊಂದಕ್ಕ ದೊಡ್ಡ್ಯಾಗ ಏನ್ ನೋಡ್ತೀರಿ ಮೇಡಂ? ಕುರಿ ನಸಕಿನ್ಯಾಗೇ ಮೇಯ್ಲಿಕ್ಕಿ ಹೋಗಿರ್ತಾವ. ಬರೀ ಹಿಕ್ಕಿ ಇರ್ತದ" ಎಂದಳು ಗೌರಿ.

ಮೇಡಂ ಗಾಬರಿಯಾದರು. "ಮೂವತ್ತು ಹುಡುಗರ್ನ ಕರ್ಕೊಂಡ್ ಹೋಗೋದದವ್ವ. ಮತ್ತ ಯಾವಾಗ ಹೋಗ್ಬೇಕು?"

"ಸಂಜಿಗಿ ಬರ್ರಿ. ಮರಿ ತಾಯಿನ್ ಹುಡುಕ್ಕೋತ ಓಡೋದು ನೋಡ್ಲಿಕ್ಕಿ ಸಿಗ್ತದ."

ಮೇಡಂ ಪೆನ್ನು ತೆಗೆದು ವೇಳೆಯನ್ನು ತಿದ್ದಿದರು. ಪಟ್ಟಿಯ ಕೊನೆಗೆ ಗೌರಿಯ ಹೆಸರನ್ನೂ ಬರೆದುಕೊಂಡರು. "ಆ ದಿನ ಎಲ್ಲಾರಿಗಿ ನೀನೇ ತೋರಿಸ್ಬೇಕು ನೋಡವ್ವ."

ಗೌರಿ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ನನ್ನ ಕೈ ಜಗ್ಗಿ, "ಮುತ್ಯಾ, ಕುರಿ ನೋಡೋ ದಿನ ನನಗ ಜ್ವರ ಬರ್ತದ" ಎಂದಳು.

ಶಾಲಾ ಮಾಸ್ತರನಾಗಿ ಸೇವೆಯುದ್ದಕ್ಕೂ ಮಕ್ಕಳ ರಜೆ ಅರ್ಜಿಗಳನ್ನು ಓದಿದವನು ನಾನು. ಇಷ್ಟು ಮುಂಚಿತವಾಗಿ ಬಂದ ಅರ್ಜಿ ಇದೇ ಮೊದಲು.