ಯುರೇನಿಯಂ ಪಾಲಿಗೆ ಕೊಟ್ಟದ್ದು

ಶಹರದ ಹಿಂದವಾಡಿಯಲ್ಲಿರುವ ಮಗಳ ಮನೆಗೆ ಹಾಲು ಪಾಕೀಟಿನಲ್ಲಿ ಬರುತ್ತದೆ. ಅದರ ಮೂಲೆ ಕತ್ತರಿಸುವಾಗಲೆಲ್ಲ ನನಗೊಂದು ಪ್ರಶ್ನೆ: ಈ ಎಮ್ಮೆಯನ್ನು ಸಾಕಿದವರು ಯಾರು? ನಗುತ್ತೀರೇನು, ನಗಿರಿ. ನಮ್ಮ ಹಳ್ಳಿ ಪಾರಿಶ್ವಾಡದಲ್ಲಿ ಜನ್ಮವಿಡೀ ಎಮ್ಮೆಗಳನ್ನು ಪಾಲಿಗೆ ಕೊಟ್ಟವಳಿಗೆ ಹಾಲಿಗಿಂತ ಮೊದಲು ಸಾಕುವವನ ಮುಖ ಕಾಣಬೇಕು. ಪಾಲಿಗೆ ಕೊಡುವುದೆಂದರೆ ಎಮ್ಮೆ ನನ್ನದು, ಮೇವು ಅವನದು, ಕರುಗಳಲ್ಲಿ ಇಬ್ಬರಿಗೂ ಸರಿಪಾಲು. ಕೊಡುವ ಮುನ್ನ ಅವನ ಬಾಯಿಮಾತನ್ನು ಕೇಳುವುದಿಲ್ಲ. ಅವನ ಕೊಟ್ಟಿಗೆಗೆ ಹೋಗಿ ಅವನ ಸ್ವಂತ ದನದ ಪಕ್ಕೆಲುಬು ನೋಡುತ್ತೇವೆ. ತನ್ನದನ್ನೇ ಉಪವಾಸ ಕೆಡವಿದವನು ನನ್ನದಕ್ಕೆ ಹುಲ್ಲು ಹಾಕುತ್ತಾನೆಯೇ? ಇಷ್ಟೇ ನನ್ನ ಅರ್ಥಶಾಸ್ತ್ರ.

ಗಂಡ ತೀರಿದ ಮೇಲೆ ಎಮ್ಮೆಗಳನ್ನು ಮಾರಿ ಮಗಳ ಮನೆ ಸೇರಿದೆ. ಆ ದುಡ್ಡಿನಲ್ಲಿ ಖಾನಾಪುರದ ಪೇಟೆಯ ಹಿಂದೆ ಒಂದು ಖೋಲಿ, ಒಂಟಿ ಕೋಣೆಯ ಮನೆ, ಕೊಳ್ಳಬೇಕು, ನನ್ನ ಒಲೆಯನ್ನು ನಾನೇ ಹೊತ್ತಿಸಬೇಕು ಎಂಬುದೊಂದೇ ಆಸೆ. ದುಡ್ಡು ಸ್ವಲ್ಪ ಕಡಿಮೆ ಬಿದ್ದಿತ್ತು. ಆಗ ಬಂದವನು ಅಳಿಯನ ಗೆಳೆಯ ಈರಣ್ಣ, ಪರದೇಶದ ಯುರೇನಿಯಂ ಗಣಿಗಳಲ್ಲಿ ದುಡ್ಡು ಹೂಡುವ ಫಂಡೊಂದರ ಏಜೆಂಟ.

"ಕರೆಂಟ್ ಮಾಡೋ ಲೋಹ ರೀ ಅವ್ವಾರ. ರಿಸ್ಕ್ ಐತಿ, ಸುಳ್ಳು ಹೇಳಂಗಿಲ್ಲ. ಆದ್ರ ರಿಸ್ಕ್ ಜಾಸ್ತಿ ಇದ್ದಲ್ಲೇ ಲಾಭ ಜಾಸ್ತಿ."

"ಹಂಗಂದ್ರ ಒದಿಯೋ ಎಮ್ಮೀನ ಹೆಚ್ಚು ಹಾಲು ಕೊಡಬೇಕಾಗಿತ್ತಲ್ಲೋ," ಎಂದೆ. "ಅದಿರ್ಲಿ, ನಿಂದೆಷ್ಟು ಹಾಕೀದಿ?"

ಹೆಂಡತಿಯ ಬಂಗಾರ ಮಾರಿ ಹಾಕಿದ್ದನಂತೆ. ಅವರ ಮನೆಗೇ ಹೋಗಿ, ಕರಿಮಣಿ ಮಾತ್ರ ಉಳಿದ ಆಕೆಯ ಕೊರಳು ನೋಡಿ ಬಂದೆ. ತನ್ನದನ್ನೂ ಅದೇ ಗೂಟಕ್ಕೆ ಕಟ್ಟಿದ್ದಾನೆ, ಇನ್ನೇನು ನೋಡಬೇಕು?

ಬ್ಯಾಂಕಿನಲ್ಲಿ ಕೆಲಸ ಮಾಡುವ ಅಳಿಯ ಮಾತ್ರ ತಲೆ ಅಲ್ಲಾಡಿಸಿದ. "ಅತ್ತಿ, ಅರ್ಧಾ ಬ್ಯಾಂಕಿನ್ಯಾಗ ಇಡ್ರಿ."

"ಅರ್ಧಾ ಎಮ್ಮಿ ಕಟ್ಟಾಕ ಬರತೈತೇನ್ರಿ?" ಎಂದು ಪೂರ್ತಿ ಕೊಟ್ಟೆ.

ಬೆಲೆ ಏರಿತು. ಎಲ್ಲೋ ಒಂದು ಗಣಿಗೆ ನೀರು ನುಗ್ಗಿ ಲೋಹ ಸಿಗದಂತಾಯಿತಂತೆ. ಈರಣ್ಣ ಕುಂದಾ ತಂದ. ಕಾಣದ ಊರಿನವರ ಗಣಿ ಮುಳುಗಿದ್ದಕ್ಕೆ ನಾನು ಇಲ್ಲಿ ಬಾಯಿ ಸಿಹಿ ಮಾಡಿಕೊಂಡೆ, ರುಚಿಯಾಗಿಯೇ ಇತ್ತು. ಖೋಲಿಗೆ ಹಚ್ಚುವ ಬಣ್ಣವೂ ಮನಸ್ಸಿನಲ್ಲಿ ಗಟ್ಟಿಯಾಯಿತು. "ಈಗ ತಗದ್ಬಿಡ್ರಿ," ಎಂದ ಅಳಿಯ. ಇನ್ನೇನು ಈಯಲಿರುವ ಎಮ್ಮೆಯನ್ನು ಯಾವ ಹುಚ್ಚಿ ಮಾರುತ್ತಾಳೆ? ಮಾರಲಿಲ್ಲ. ಆಮೇಲೆ ಬೆಲೆ ಬಿದ್ದಿತು, ಬೀಳುತ್ತಲೇ ಹೋಯಿತು; ಖೋಲಿಯ ದುಡ್ಡೂ ಅದರೊಡನೆ ಹೋಯಿತು.

ಪಾಲಿಗೆ ಕೊಟ್ಟ ಎಮ್ಮೆ ಸತ್ತರೆ ಸಾಕಿದವನು ಅದರ ಕೊಂಬು ತಂದು ಒಡತಿಯ ಅಂಗಳದಲ್ಲಿಡಬೇಕು; ಕದ್ದು ಮಾರಿಕೊಂಡಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಈರಣ್ಣ ಬರಿಗೈಯಲ್ಲಿ ಬಂದು ನೆಲದ ಮೇಲೆ ಕುಳಿತ.

"ಬೈರಿ ಅವ್ವಾರ."

"ಏನಂತ ಬೈಲೋ ಖೋಡಿ? ನಿನ್ನ ಕೊಟಗೀನೂ ಖಾಲಿ ಆಗೈತಿ."

ಅವನು ಮೋಸಗಾರನಾಗಿದ್ದರೆ ಬೀದಿಯಲ್ಲಿ ನಿಂತು ಶಾಪ ಹಾಕಿಯಾದರೂ ಹಗುರಾಗುತ್ತಿದ್ದೆ. ಸಾಕುವವನು ಸಾಚಾ ಇದ್ದರೂ ಎಮ್ಮೆ ಸಾಯುತ್ತದೆಂಬ ವಿದ್ಯೆಯನ್ನು ಈ ವಯಸ್ಸಿನಲ್ಲಿ ಕಲಿತು ಯಾವ ಒಲೆಗೆ ಹಾಕಲಿ?

ಮೊನ್ನೆ ಮಗಳು ಕಪಾಟಿನ ಕೆಳಗಿನ ಅರೆಯನ್ನು ಖಾಲಿ ಮಾಡಿದಳು. "ಅವ್ವಾ, ಸೀರಿ ಇಲ್ಲಿ ಇಡು. ಇನ್ನ ಗಂಟು ಯಾಕ ಬೇಕು?"

ಇಂದಲ್ಲ ನಾಳೆ ಖೋಲಿಗೆ ಹೋಗುವವಳೆಂದು, ಊರಿನಿಂದ ತಂದಂದಿನಿಂದ ಉಟ್ಟು ಒಗೆದು ಮತ್ತೆ ಕಟ್ಟಿಡುತ್ತಿದ್ದ ಗಂಟನ್ನು ಬಿಚ್ಚಿದೆ. ಸೀರೆಗಳೆಲ್ಲ ಆ ಅರೆಯಲ್ಲಿ ಹಿಡಿಸಿದವು; ಇನ್ನೂ ಜಾಗ ಉಳಿಯಿತು.