ಕೇಳದ ಸದ್ದಿನ ಅಕ್ಕ

ಊಟದ ಗಂಟೆ ಹೊಡೆಯುವ ಹೊತ್ತಿಗೆ ಅಕ್ಕನ ಎಡಹುಬ್ಬು ಕರಗಿ ಕೆನ್ನೆಗೆ ಇಳಿದಿರುತ್ತಿತ್ತು. ಅವಳು ಮೊದಲಿದ್ದ ಫ್ಯಾಕ್ಟರಿಯಲ್ಲಿ ಕಾದ ಲೋಹ ಸಿಡಿದು ಆ ಹುಬ್ಬಿನ ಕೂದಲು ಸುಟ್ಟುಹೋಗಿತ್ತಂತೆ. ದಿನಾ ಬೆಳಗ್ಗೆ ತನ್ನೂರು ಬೇರಿಕೆಯ ಬಸ್ಸಿನಲ್ಲೇ ಕಾಡಿಗೆಯಿಂದ ಬರೆದುಕೊಂಡು ಬರುವಳು. ಫರ್ನೇಸಿನ ಬಿಸಿ ಅದನ್ನು ಇಳಿಸುವುದು. ಹಾಗಿದ್ದೂ ಹೊಸೂರಿನ ಮೂಕಂಡಪಲ್ಲಿಯ ನಮ್ಮ ಅಲ್ಯೂಮಿನಿಯಂ ಎರಕದ ಶೆಡ್ಡಿನಲ್ಲಿ ಎಲ್ಲರಿಗೂ ಅಕ್ಕನಾಗಿದ್ದ ಅವಳಷ್ಟು ಜಂಬದಿಂದ ನಡೆಯುವವರು ಇನ್ನೊಬ್ಬರಿರಲಿಲ್ಲ. ನಾನಿದ್ದೆ. ಆದರೆ ನನಗೆ ಎರಡು ಹುಬ್ಬೂ ಇದ್ದವು, ಅದೇನು ಹೆಚ್ಚುಗಾರಿಕೆ?

ಅವಳು ಬರುವ ಮೊದಲು ಕರಗಿದ ಲೋಹದಿಂದ ಗಾಳಿ ಬಿಡಿಸುವ ಕೆಲಸ ನನ್ನದು. ಒಳಗೆ ಗಾಳಿ ಉಳಿದರೆ ಎರಕದ ತುಂಬ ಸೂಜಿಮೊನೆಯಂಥ ತೂತು. ಉದ್ದ ಸಲಾಕೆಯಲ್ಲಿ ಗಾಳಿ ಬಿಡಿಸುವ ಮದ್ದಿನ ಮಾತ್ರೆಯನ್ನು ಲೋಹಕ್ಕೆ ಅದ್ದಿ, ಹೊಗೆ ಕುಡಿದು ಕೆಮ್ಮುತ್ತ ನಿಲ್ಲುತ್ತಿದ್ದೆ. ಆಮೇಲೆ ಅಲ್ಟ್ರಾಸೌಂಡ್ ಮಿಷನ್ ಬಂತು. ಅದರ ಸರಳನ್ನು ಲೋಹದೊಳಗೆ ಇಳಿಸಿದರೆ, ನಮ್ಮ ಕಿವಿಗೆ ಕೇಳದಷ್ಟು ಕೀರಲಾದ ಸದ್ದಿನಲ್ಲಿ ನಡುಗಿ, ಗಾಳಿಯನ್ನೆಲ್ಲ ಗುಳ್ಳೆ ಮಾಡಿ ಮೇಲಕ್ಕೆ ಕಳಿಸುತ್ತದೆ.

"ಅಲ್ಯೂಮಿನಿಯಂಗೂ ಸ್ಕ್ಯಾನಿಂಗಾ? ಎಷ್ಟು ತಿಂಗ್ಳಂತೆ?" ಎಂದು ಎಲ್ಲರನ್ನೂ ನಗಿಸಿದೆ. ಒಳಗೊಳಗೇ ಆ ಮಿಷನ್ ನನಗೇ ಎಂದುಕೊಂಡಿದ್ದೆ. ಕೊಟ್ಟದ್ದು ಹೊಸದಾಗಿ ಸೇರಿದ ಅಕ್ಕನಿಗೆ. ನನ್ನ ಕೈಗೆ ಬಂದದ್ದು ಎರಕದ ಅಂಚು ಉಜ್ಜುವ ಅರ. ಫರ್ನೇಸಿಗೆ ಡೀಸೆಲ್ ಸಾಲದಿದ್ದರೆ ನನ್ನ ಹೊಟ್ಟೆಗೆ ಪೈಪ್ ಹಾಕಬಹುದಿತ್ತು, ಅಷ್ಟು ಉರಿ.

ಕ್ರೇನಿನ ಸೈರನ್, ಕಂಪ್ರೆಸರಿನ ಉಸಿರು, ಮ್ಯಾನೇಜರರ ತಮಿಳು, ಎಲ್ಲದರ ಅಣಕವೂ ನನ್ನ ಗಂಟಲಲ್ಲಿತ್ತು. ಈ ಮಿಷನ್ನಿನ ಕೇಳದ ಸದ್ದನ್ನು ಅಣಕಿಸುವುದು ಹೇಗೆ? ಅದಕ್ಕೇ ಅಣಕಕ್ಕೆ ಅಕ್ಕನನ್ನು ಹಿಡಿದೆ. ಕ್ಯಾಂಟೀನಿನಲ್ಲಿ ಕೆನ್ನೆಗೆ ಮಸಿ ಬಳಿದುಕೊಂಡು, ಸಾರಿನ ಬಟ್ಟಲಿಗೆ ಚಮಚ ಇಳಿಸಿ, "ಸುಮ್ಕಿರ್ರಲಾ, ಸಾರು ನಂಜೊತೆ ಮಾತಾಡ್ತೈತೆ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಿಂದೆ ಅಕ್ಕ ನಿಂತಿದ್ದಳು.

"ಥೂ, ಇದ್ಯಾವ ಸೀಮೆ ಅಕ್ಕನ್ಲಾ! ನಾನು ಹಂಗೆ ದಬಕ್ಕಂತ ಇಳಿಸ್ತೀನಾ? ಸರಳು ಮೊದ್ಲು ಬಿಸಿಯಾಗ್ಬೇಕು, ಆಮೇಲೆ ನಿಧಾನಕ್ಕೆ. ನನ್ನ ಆಡೋದಾದ್ರೆ ನೆಟ್ಟಗೆ ಆಡು. ನಾಳೆಯಿಂದ ಪಕ್ಕದಾಗೆ ನಿಂತ್ಕೊಂಡು ನೋಡು."

ಹೋಗಿ ನಿಂತೆ, ಇನ್ನೂ ಚೆನ್ನಾಗಿ ಅಣಕಿಸಲೆಂದೇ. ಸರಳು ಕಾಯಲು ಬಿಡುವುದು, ಉಸಿರು ಹಿಡಿದು ಹಿಡಿಚಕ್ರ ತಿರುಗಿಸುವುದು, ಗುಳ್ಳೆ ಏಳುವುದು ನಿಂತಾಗ ನಾಲಿಗೆ ಲೊಚಗುಟ್ಟುವುದು, ಎಲ್ಲ ಕದ್ದುಕೊಂಡೆ. "ನನ್ನಂಗೆ ಹೊಸೂರಾಗೆ ಯಾರಾನ ಮಾಡ್ತಾರಾ, ಹೇಳ್ಲಾ?" ಎಂದು ದಿನಾ ಕೇಳುವಳು. "ಇಲ್ಲಕ್ಕ" ಎನ್ನುತ್ತ ಹಲ್ಲು ಕಡಿಯುತ್ತಿದ್ದೆ. ಅದು ನಿಜವೇ ಆಗಿತ್ತು, ಅದೇ ಕಷ್ಟ.

ಕಳೆದ ವರ್ಷ ಸೂಳಗಿರಿಯ ಹೊಸ ಫ್ಯಾಕ್ಟರಿಯವರು ಅವಳನ್ನು ಕರೆದರು. ಅಲ್ಲಿ ಇದಕ್ಕಿಂತ ದೊಡ್ಡ ಮಿಷನ್, ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ. ಇನ್ನು ಇಲ್ಲಿಯದನ್ನು ಯಾರು ನೋಡುತ್ತಾರೆ ಎಂದು ಮ್ಯಾನೇಜರ್ ಕೇಳಿದಾಗ ಅಕ್ಕ ನನ್ನನ್ನು ಮುಂದಕ್ಕೆ ತಳ್ಳಿದಳು.

"ಲೇ, ಸಾರ್‌ಗೆ ನನ್ನ ಆಡಿ ತೋರ್ಸು."

ಆಡಿ ತೋರಿಸಿದೆ. ಸರಳು ಕಾಯಿಸಿದೆ, ಇಳಿಸಿದೆ, ಲೊಚಗುಟ್ಟಿದೆ. ಆ ಲೋಹದ ಎರಕವನ್ನು ಕೊಯ್ದು ನೋಡಿದರೆ ಒಂದೂ ತೂತಿಲ್ಲ.

"ಅಪ್ಪಡಿಯೇ ಅಕ್ಕಾ ಮಾದಿರಿ!" ಎಂದರು ಮ್ಯಾನೇಜರ್. ಥೇಟ್ ಅಕ್ಕನ ಹಾಗೇ ಅಂತೆ.

ಮಿಷನ್ ನನಗೆ ಸಿಕ್ಕಿತು. ಕೊಡಿಸಿದವಳು ಅಕ್ಕ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ನಾನು ಹೇಳದಿದ್ದರೂ ಶೆಡ್ಡಿನವರೇ ಹೇಳಿಬಿಡುತ್ತಾರೆ. ನಾನು ಎಷ್ಟು ಚೆನ್ನಾಗಿ ಮಾಡಿದರೂ ಹೊಗಳಿಕೆ ಅವಳಿಗೇ ಹೋಗುತ್ತದೆ. ಭಾನುವಾರ ಅಕ್ಕನ ಫೋನ್ ಬರುತ್ತದೆ.

"ಹೆಂಗೈತ್ಲಾ ನನ್ನ ಮಿಷನ್ನು?"

ನಂದು ಕಣಕ್ಕ ಎನ್ನಬೇಕೆಂದು ವಾರವೆಲ್ಲ ಅಂದುಕೊಂಡಿರುತ್ತೇನೆ. "ಚೆನ್ನಾಗೈತೆ ಅಕ್ಕ" ಎನ್ನುತ್ತೇನೆ.