ಎಂಟು ಟಿಕ್ಕುಗಳಲ್ಲಿ ಒಂದನ್ನೇ ಉಳಿಸಿಕೊಂಡ ಫಾರ್ಮ್

ನಮ್ಮ ಆಫೀಸಿನ ಸೀನಿಯರ್ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ನಾನು ಕೆಲಸಕ್ಕಿದ್ದೆ. ಸಂಡೂರು ಕಡೆಯ ಗಣಿ ಕಂಪನಿಯೊಂದಕ್ಕೆ ಕಾರ್ಮಿಕರ ಆರೋಗ್ಯ ತಪಾಸಣೆಯ ಫಾರ್ಮ್ ಮಾಡಿಕೊಟ್ಟಿದ್ದೆವು. ಕಣ್ಣು, ಕಿವಿ, ಬೆನ್ನು, ಕೆಮ್ಮು, ದಮ್ಮು ಅಂತ ಎಂಟು ಚೆಕ್‌ಬಾಕ್ಸ್. ಇರುವ ತೊಂದರೆಗಳಿಗೆಲ್ಲ ಟಿಕ್ ಹಾಕಬೇಕು. ಜಾವಾ ಕೋಡ್ ಬರೆದವನು ಸೀನಿಯರ್. ಗಣಿ ಇರುವ ಯಶವಂತನಗರದಲ್ಲಿ ಪಾಳಿ ಮುಗಿಸಿದವರು ಕ್ಯಾಂಟೀನಿನ ಕಂಪ್ಯೂಟರ್ ಮುಂದೆ ಸಾಲುಗಟ್ಟಿ ಅದನ್ನು ತುಂಬುತ್ತಿದ್ದರು. ಅವರಲ್ಲಿ ನನ್ನ ಅಪ್ಪನೂ ಒಬ್ಬ.

ಅಪ್ಪ ಕಿವಿ, ಕೆಮ್ಮು, ದಮ್ಮು ಮೂರಕ್ಕೂ ಟಿಕ್ ಹಾಕಿದ್ದ. ಕರೆ ಬಂದದ್ದು ಕಿವಿ ಡಾಕ್ಟರಿಂದ ಮಾತ್ರ. ಎದೆಯ ಎಕ್ಸ್‌ರೇ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಹತ್ತು ಮೆಟ್ಟಿಲು ಹತ್ತುವುದರಲ್ಲಿ ಎರಡು ಸಲ ನಿಲ್ಲುವ ಮನುಷ್ಯ ಅವನು. ಸೀನಿಯರ್‌ಗೆ ಹೇಳಿದೆ.

"ಗಣಿ ಮಂದಿಗೆ ಟಿಕ್ ಹಾಕಾಕ ಎಲ್ಲಿ ಬರ್ತದ? ಸಾಲಿ ಕಂಡವರಲ್ಲ ಬಿಡು" ಎಂದು ನಕ್ಕ. ನನ್ನ ಮೈ ಉರಿದುಹೋಯಿತು.

ಸೋಮವಾರ ಅವನ ಕೋಡ್ ತೆಗೆದು ಓದಿದೆ. ಗೆಟ್ ಪ್ಯಾರಾಮೀಟರ್ ಎಂದು ಬರೆದಿದ್ದ. ಅದು ಗುಂಪಿನ ಮೊದಲ ಟಿಕ್ಕನ್ನಷ್ಟೇ ಕೊಡುತ್ತದೆ. ಉಳಿದವು ಎಲ್ಲಿಯೂ ದಾಖಲಾಗುವುದಿಲ್ಲ. ಎಲ್ಲವೂ ಬೇಕಿದ್ದರೆ ಗೆಟ್ ಪ್ಯಾರಾಮೀಟರ್ ವ್ಯಾಲ್ಯೂಸ್ ಎನ್ನಬೇಕು. ಜಾವಾ ಕಲಿಯುವವರು ಮೊದಲ ತಿಂಗಳು ಮಾಡುವ ತಪ್ಪು. ಸರಿಪಡಿಸಲು ಹತ್ತು ನಿಮಿಷ ಸಾಕಿತ್ತು. ನಾನು ಕೈ ಹಚ್ಚಲಿಲ್ಲ, ಬಾಯಿಯೂ ಬಿಡಲಿಲ್ಲ. ಶುಕ್ರವಾರ ಗಣಿ ಕಂಪನಿಯ ಸಾಹೇಬರು ಬರುವವರಿದ್ದರು.

ಅವರ ಎದುರಿಗೇ ಸೀನಿಯರ್‌ನನ್ನು ನಯವಾಗಿ ಕೇಳಿದೆ: "ಸರ್, ನೀವ ಒಮ್ಮೆ ತುಂಬಿ ತೋರಿಸ್ರಿ. ಎಂಟಕ್ಕೂ ಟಿಕ್ ಹಾಕ್ರಿ."

ಹಾಕಿದ. ಪರದೆಯ ಮೇಲೆ ಬಂದದ್ದು 'ಕಣ್ಣು' ಒಂದೇ. ಮತ್ತೆ ಹಾಕಿದ. ಮತ್ತೆ ಅದೇ.

"ನಿಮಗೂ ಟಿಕ್ ಹಾಕಾಕ ಬರಂಗಿಲ್ಲೇನ್ರಿ?" ಎಂದೆ.

ಸಾಹೇಬರು ಜೋರಾಗಿ ನಕ್ಕರು. ಸೀನಿಯರ್ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಅಂದೇ ಕೋಡ್ ತಿದ್ದಿದೆ.

ಮನೆಗೆ ಹೋಗಿ ಅಪ್ಪನಿಗೆ ಅಭಿನಯಿಸಿ ತೋರಿಸಿದೆ. ಅವನು ನಗಲಿಲ್ಲ.

"ತಪ್ಪು ಯಾವತ್ತು ಗೊತ್ತಾತವ್ವ ನಿನಗ?"

"ಸೋಮವಾರ."

"ಮಂಗಳವಾರ ಅದಿರು ಪುಡಿ ಮಾಡೋ ಕ್ರಷರ್‌ನ್ಯಾಗ ದುಡಿಯೋ ಹೆಣ್ಮಕ್ಳು ಫಾರ್ಮ್ ತುಂಬಿದ್ರು. ಕಾಂಟ್ರಾಕ್ಟ್ ಮಂದಿ. ಗುರುವಾರ ಅವ್ರ ಕೆಲಸ ಮುಗೀತು, ಊರಿಗೆ ಹೋದ್ರು."

ಅಪ್ಪ ಮತ್ತೆ ಫಾರ್ಮ್ ತುಂಬಿದ, ಅವನ ಎಕ್ಸ್‌ರೇ ಆಯಿತು. ನಾನು ಮಂಗಳವಾರದ ಪಟ್ಟಿ ತೆಗೆದು ನೋಡಿದೆ. ಹನ್ನೊಂದು ಹೆಂಗಸರು. ಹನ್ನೊಂದು ಹೆಸರುಗಳ ಮುಂದೆಯೂ 'ಕಣ್ಣು' ಎಂದಷ್ಟೇ ಇತ್ತು. ಅವರು ಇನ್ನೇನೇನಕ್ಕೆ ಟಿಕ್ ಹಾಕಿದ್ದರೋ ನನಗೆ ಎಂದಿಗೂ ಗೊತ್ತಾಗುವುದಿಲ್ಲ.